ಕಾಶಿಯಲ್ಲಿ ಬಿಟ್ಟ ದ್ರಾಕ್ಷಿ

ನಮ್ಮಣ್ಣನಿಗೆ ಮೊಬೈಲಿನಲ್ಲಿ ಬಂದದ್ದೆಲ್ಲ ನಿಜ. ಬೆಳಿಗ್ಗೆ ಯಾರೋ ಕಳಿಸಿದ್ದನ್ನು ಮಧ್ಯಾಹ್ನದ ಹೊತ್ತಿಗೆ ನಂಬಿ, ಸಂಜೆಯೊಳಗೆ ನೆಂಟರಿಗೆಲ್ಲ ಕಳಿಸಿ, ಮಾರನೆಯ ದಿನದಿಂದ ಮನೆಯಲ್ಲಿ ಜಾರಿಗೆ ತರುವ ಮನುಷ್ಯ ಅವನು. ಒಂದು ವರ್ಷ ಹಾಗಲಕಾಯಿ ರಸ ನಡೆಯಿತು. ಇನ್ನೊಂದು ವರ್ಷ ಅಗಸೆ ಬೀಜ. ಅದಾದ ಮೇಲೆ ನುಗ್ಗೆಸೊಪ್ಪಿನ ಪುಡಿ ಬಂತು. ಅತ್ತಿಗೆ ಅದನ್ನು ಮಜ್ಜಿಗೆಗೆ ಹಾಕಿ, ಸಾರಿಗೆ ಹಾಕಿ, ಕೊನೆಗೆ ಸಾಕಾಗಿ ಎಮ್ಮೆಯ ಬೂಸಕ್ಕೂ ಹಾಕಿದರು. ನಾನು ತುರುವೇಕೆರೆಯ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ಇಂಥದ್ದನ್ನೆಲ್ಲ ಕೇಳಿದರೆ ಮೈ ಉರಿಯುತ್ತದೆ. ಕೋಪ ಮೊದಲೇ ಮೂಗಿನ ತುದಿಯಲ್ಲಿ ಕೂತಿರುತ್ತದೆ. ಅಣ್ಣನ ದನಿ ಫೋನಿನಲ್ಲಿ ಕೇಳಿದರೆ ಸಾಕು, ಎದ್ದು ನಿಲ್ಲುತ್ತದೆ.

ಕಳೆದ ವರ್ಷ ಅವನ ಕೈಗೆ ದ್ರಾಕ್ಷಿಯ ಸಾರ ಸಿಕ್ಕಿತು. ಒಂದು ಭಾನುವಾರ ತೋಟದ ಮನೆಗೆ ಹೋಗಿದ್ದೆ. ಸಂಪಿಗೆ ಊರಿನ ಕಡೆಗೆ ಹೋಗುವ ರಸ್ತೆಯಲ್ಲಿ, ಒಂದಷ್ಟು ಒಳಗೆ, ಅಣ್ಣ ಅತ್ತಿಗೆ ಅವ್ವ ಇರುವ ಮನೆ ಅದು. ಅವ್ವ ಅಟ್ಟದ ಕೆಳಗೆ ಮಣೆ ಹಾಕಿಕೊಂಡು ಕೂತಿದ್ದಳು. ಎಂಬತ್ತು ದಾಟಿದ ಮೇಲೂ ಈ ಕೆಲಸವನ್ನು ಅವಳು ಯಾರಿಗೂ ಬಿಟ್ಟುಕೊಟ್ಟಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಹಾಕಿದ ತೆಂಗಿನಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ನೀರು ಕುಲುಕಿದರೆ ಇನ್ನೂ ಆಗಿಲ್ಲ, ವಾಪಸ್ಸು ಅಟ್ಟಕ್ಕೆ. ಒಳಗೆ ಕೊಬ್ಬರಿ ಬಿಟ್ಟುಕೊಂಡು ಗಲಗಲ ಎಂದರೆ ಆಯಿತು, ಸುಲಿಯುವ ರಾಶಿಗೆ. ಮಾತಾಡುತ್ತಲೇ ಅಲ್ಲಾಡಿಸುತ್ತಾಳೆ, ಅಲ್ಲಾಡಿಸುತ್ತಲೇ ಬೈಯುತ್ತಾಳೆ. ಅವತ್ತು ಬೈಸಿಕೊಳ್ಳುತ್ತಿದ್ದವನು ಅಣ್ಣ, ಊಟಕ್ಕೆ ಎಷ್ಟು ಸಲ ಕರೆಯುವುದು ಅಂತ.

ಅಣ್ಣ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಬೀರುವಿನಿಂದ ಒಂದು ಸೀಸೆ ತೆಗೆದ. ಮೇಲೆ ಕಪ್ಪು ದ್ರಾಕ್ಷಿಯ ಗೊಂಚಲಿನ ಚಿತ್ರ.

"ನೀನು ಓದಿದೋಳು, ನೋಡು. ಇದ್ರಲ್ಲಿರೋದು ರೆಸ್ವೆರಾಟ್ರಾಲು ಅಂತ. ಹಾರ್ಟಿಗೆ ಒಳ್ಳೇದಂತೆ, ವಯಸ್ಸಾಗೋದನ್ನ ತಡೀತದಂತೆ. ಅವ್ವಂಗೆ ತರಿಸಿದೀನಿ."

"ಯಾರು ಹೇಳಿದ್ದು? ನೀನು ಕೊಬ್ಬರಿ ಮಾರೋ ಮಂಡಿಯಲ್ಲಿ ತೂಗೋರಾ?" ಅಂದೆ.

"ನಿಂಗೆ ಎಲ್ಲಾದ್ರಲ್ಲೂ ಕೊಂಕು ಕಣವ್ವ. ಕೊಂಕು ಬುಟ್ಟು ಓದು ಮೊದ್ಲು."

ಓದುವುದೇನು, ನನಗೆ ಗೊತ್ತೇ ಇತ್ತು. ಕೆಂಪು, ಕಪ್ಪು ದ್ರಾಕ್ಷಿಯ ಸಿಪ್ಪೆಯಲ್ಲಿರುವ ಒಂದು ವಸ್ತು ಅದು. ಬೂಷ್ಟು ತಗುಲಿದಾಗ, ಗಾಯವಾದಾಗ ಗಿಡ ತನ್ನನ್ನು ಕಾಪಾಡಿಕೊಳ್ಳಲು ಅದನ್ನು ತಯಾರಿಸಿಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಹುಳುಗಳ ಮೇಲೆ, ಇಲಿಗಳ ಮೇಲೆ ನೋಡಿದಾಗ ಕೆಲವು ಸಲ ಆಸೆ ಹುಟ್ಟಿಸುವಂಥ ಫಲ ಕಂಡಿದೆ. ಮನುಷ್ಯರ ವಿಷಯಕ್ಕೆ ಬಂದರೆ ಇನ್ನೂ ಯಾರೂ ಎದೆ ತಟ್ಟಿ ಹೇಳುವ ಹಾಗಿಲ್ಲ. ಬಾಯಿಂದ ನುಂಗಿದ್ದರಲ್ಲಿ ಹೆಚ್ಚಿನ ಪಾಲನ್ನು ಮೈ ಬೇಗ ಒಡೆದು ಹೊರಗೆ ಹಾಕುತ್ತದೆ. ಇದನ್ನೆಲ್ಲ ಅಣ್ಣನಿಗೆ ಹೇಳಿದೆ. ಅವನು ಕಿವಿಯ ಮೇಲೇ ಹಾಕಿಕೊಳ್ಳಲಿಲ್ಲ. "ಇಲಿಗೆ ಒಳ್ಳೇದಾದ್ರೆ ಅವ್ವಂಗೂ ಒಳ್ಳೇದೇ ಬುಡು" ಅಂದ.

ಸುಮ್ಮನಾದೆ. ನಾನು ಸುಮ್ಮನಾಗುವವಳಲ್ಲ, ಆದರೂ ಆದೆ. ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಅವ್ವನ ಎದೆಬಡಿತ ತಾಳ ತಪ್ಪಿ, ತಿಪಟೂರಿನ ಡಾಕ್ಟರು ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಒಂದು ಮಾತ್ರೆ ತೆಗೆದುಕೊಳ್ಳಲೇಬೇಕು, ಬಿಟ್ಟರೆ ಲಕ್ವ ಹೊಡೆಯಬಹುದು ಅಂದಿದ್ದರು. ಅವತ್ತಿನಿಂದ ಫೋನು ಬಡಿದುಕೊಂಡರೆ ತೋಟದ ಮನೆಯಿಂದಲಾ ಅಂತ ಮೊದಲು ನೋಡುತ್ತೇನೆ. ಅವ್ವನನ್ನು ಕಳೆದುಕೊಳ್ಳುವುದಕ್ಕೆ ನಾನು ತಯಾರಿಲ್ಲ. ನನಗೂ ತಲೆ ನರೆತಿದೆ, ಮೊಮ್ಮಗಳಿದ್ದಾಳೆ, ಆದರೂ ತಯಾರಿಲ್ಲ. ಮಕ್ಕಳಿಗೆ ಪುರಾವೆ ಕೇಳಿ, ಪುರಾವೆ ಕೇಳಿ ಅಂತ ಬಾಯಿ ಬಡಿದುಕೊಳ್ಳುವ ನಾನು ಆ ಸೀಸೆಯನ್ನು ನೋಡುತ್ತ, ಇರಲಿ, ಯಾರಿಗೆ ಗೊತ್ತು, ಏನೋ ಒಂದಿಷ್ಟು ಒಳ್ಳೆಯದಾದರೆ ಆಗಲಿ ಅಂದುಕೊಂಡೆ. ಕಾಯಿಲೆಯ ಅವ್ವನನ್ನು ಮನೆಯಲ್ಲಿಟ್ಟುಕೊಂಡವರು ಯಾರಾದರೂ ನನ್ನನ್ನು ನೋಡಿ ನಗುವುದಾದರೆ ನಗಲಿ.

ಅಣ್ಣ ಗುಳಿಗೆಗಳನ್ನು ಸೀಸೆಯಿಂದ ತೆಗೆದು ಅವ್ವನ ಸ್ಟೀಲ್ ಡಬ್ಬಿಗೆ ಸುರಿದ. ಮೊದಲು ಎಲೆ ಅಡಿಕೆ ಇಡುತ್ತಿದ್ದ ಡಬ್ಬಿ ಅದು. ಹಲ್ಲು ಹೋದ ಮೇಲೆ ಮಾತ್ರೆಗಳು ಸೇರಿಕೊಂಡಿವೆ. "ಹಾರ್ಟಿನ ಮಾತ್ರೆ ಕಣವ್ವ" ಅಂದ. ಅವ್ವ ಏನು, ಯಾಕೆ ಅಂತ ಕೇಳದೆ ರಾತ್ರಿ ಊಟವಾದ ಮೇಲೆ ನುಂಗತೊಡಗಿದಳು.

ಇಲ್ಲಿ ಒಂದು ಮಾತು ಹೇಳಬೇಕು. ಅವ್ವ ದ್ರಾಕ್ಷಿ ತಿನ್ನುವುದಿಲ್ಲ. ನಾನು ಚಿಕ್ಕವಳಾಗಿದ್ದಾಗ ತಾತ ಮನೆಯವರನ್ನೆಲ್ಲ ಕಾಶಿಗೆ ಕರೆದುಕೊಂಡು ಹೋಗಿದ್ದರು. ಕಾಶಿಗೆ ಹೋದವರು ತಾವು ಇಷ್ಟಪಡುವ ಒಂದು ಹಣ್ಣನ್ನೋ ಒಂದು ತರಕಾರಿಯನ್ನೋ ಅಲ್ಲಿ ಬಿಟ್ಟು ಬರಬೇಕು, ಬಿಟ್ಟದ್ದನ್ನು ಸಾಯುವ ತನಕ ಮುಟ್ಟಬಾರದು. ನಮ್ಮ ಮನೆಯವರು ಈ ವಿಷಯದಲ್ಲಿ ಬಲು ಜಾಣರು. ತಾತ ಬಿಟ್ಟದ್ದು ಹಾಗಲಕಾಯಿ, ಮೊದಲೇ ಅವರಿಗೆ ಸೇರುತ್ತಿರಲಿಲ್ಲ. ಅಪ್ಪ ಹಲಸಿನ ಹಣ್ಣು ಬಿಟ್ಟರು, ತಿಂದರೆ ಹೊಟ್ಟೆ ಉಬ್ಬರ. ಅವ್ವ ದ್ರಾಕ್ಷಿ ಬಿಟ್ಟಳು. ದ್ರಾಕ್ಷಿ ಆಗ ನಮ್ಮ ಕಡೆ ಅಪರೂಪಕ್ಕೆ ಬರುತ್ತಿತ್ತು, ಇವಳೂ ಸುಲಭದ್ದನ್ನೇ ಹುಡುಕಿದಳು ಅಂತ ಮನೆಯಲ್ಲಿ ಛೇಡಿಸುತ್ತಿದ್ದರು. ಅವಳೂ ನಗುತ್ತಿದ್ದಳು. ಇಷ್ಟೆಲ್ಲ ಗೊತ್ತಿದ್ದ ನನಗೂ ಅಣ್ಣನಿಗೂ ಆ ಸೀಸೆ ನೋಡಿದಾಗ ಇದು ನೆನಪಿಗೇ ಬರಲಿಲ್ಲ. ಬೂದಿ ಬಣ್ಣದ ಪುಡಿ ತುಂಬಿದ ಗುಳಿಗೆ, ಬಾಯಿ ತಿರುಗದ ಹೆಸರು. ಅದರೊಳಗೆ ದ್ರಾಕ್ಷಿ ಹಣ್ಣು ಯಾರ ಕಣ್ಣಿಗೆ ಕಾಣಬೇಕು?

ಒಂದೆರಡು ತಿಂಗಳಾಗಿರಬೇಕು. ಅವ್ವನ ಮುಂಗೈ ಮೇಲೆ ನೀಲಿ ಕಲೆ ಕಾಣಿಸಿತು. ಅಟ್ಟದಿಂದ ಕಾಯಿ ಉರುಳಿ ತಾಗಿದ್ದು, ಏನೂ ಇಲ್ಲ ಅಂದಳು. ಆದರೆ ಕಲೆ ಮೊಣಕೈವರೆಗೆ ಹರಡಿತು. ಡಬ್ಬಿಯನ್ನೂ ಆ ಸೀಸೆಯನ್ನೂ ಚೀಲಕ್ಕೆ ಹಾಕಿಕೊಂಡು ಅವಳನ್ನು ತಿಪಟೂರಿಗೆ ಕರೆದುಕೊಂಡು ಹೋದೆ.

ಡಾಕ್ಟರು ಕೈ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು, ಆಮೇಲೆ ಸೀಸೆಯನ್ನು ಎತ್ತಿ ಹಿಡಿದು ಓದಿದರು.

"ಇದನ್ನ ಯಾರು ಕೊಟ್ರು? ರಕ್ತ ತೆಳು ಮಾಡೋ ಮಾತ್ರೆ ಜೊತೆ ಇದು ಬೇಡ ಮೇಡಂ. ಇದರಿಂದಲೇ ಹೀಗಾಯ್ತು ಅಂತ ನಾನು ಹೇಳಲ್ಲ. ಆದ್ರೆ ಇದೂ ಸ್ವಲ್ಪ ಅದೇ ದಾರಿ ಹಿಡಿಯಬಹುದು, ಆಗ ರಕ್ತ ನಿಲ್ಲೋದು ಕಷ್ಟ ಆಗುತ್ತೆ. ನಿಲ್ಲಿಸಿಬಿಡಿ." ಆಮೇಲೆ ಅವ್ವನ ಕಡೆ ತಿರುಗಿ ನಗುತ್ತ ಹೇಳಿದರು, "ಅಜ್ಜಿ, ದ್ರಾಕ್ಷಿ ಸಿಪ್ಪೆ ಸಾರ ಇದು. ಆಯಸ್ಸು ಜಾಸ್ತಿ ಆಗುತ್ತೆ ಅಂತ ತಿಂತಾರೆ. ನಿಮಗ್ಯಾಕೆ, ನೀವು ಗಟ್ಟಿಯಾಗೇ ಇದ್ದೀರಲ್ಲ!"

ಅವ್ವ ನಗಲಿಲ್ಲ. ಸೀಸೆಯನ್ನು ಕೈಗೆ ತೆಗೆದುಕೊಂಡು ಗೊಂಚಲಿನ ಚಿತ್ರವನ್ನು ಹತ್ತಿರಕ್ಕೆ ಹಿಡಿದು ನೋಡಿದಳು. "ದ್ರಾಕ್ಷಿನಾ?" ಅಂದಳು. ಅಷ್ಟೇ. ಬಸ್ಸಿನಲ್ಲಿ ತುರುವೇಕೆರೆ ತಲುಪುವ ತನಕ ಸೀಸೆಯನ್ನು ಮಡಿಲಲ್ಲಿಟ್ಟುಕೊಂಡು ಆ ಚಿತ್ರವನ್ನೇ ನೋಡುತ್ತಿದ್ದಳು. ಸಾಮಾನ್ಯವಾಗಿ ದಾರಿಯುದ್ದಕ್ಕೂ ಯಾರ ತೋಟ ಹೇಗಿದೆ, ಯಾರ ಮರಕ್ಕೆ ನುಸಿ ಬಿದ್ದಿದೆ ಅಂತ ಹೇಳುತ್ತ ಬರುವವಳು ಅವಳು.

ಕೈ ವಾಸಿಯಾಗುವವರೆಗೆ ನನ್ನ ಮನೆಯಲ್ಲೇ ಇಟ್ಟುಕೊಂಡೆ. ಮಾರನೆಯ ದಿನ ಬೆಳಿಗ್ಗೆ ನೋಡುತ್ತೇನೆ, ಡಬ್ಬಿಯನ್ನು ಕೈಯಿಂದ ದೂರ ತಳ್ಳಿದ್ದಾಳೆ. ಬಿ.ಪಿ. ಮಾತ್ರೆ ಬೇಡ. ಎದೆಬಡಿತದ್ದು ಬೇಡ. ರಕ್ತದ್ದೂ ಬೇಡ.

"ಯಾವುದ್ರಲ್ಲಿ ಏನು ತುಂಬವ್ರೋ ಯಾರಿಗ್ಗೊತ್ತು? ನಂಗೆ ಯಾವ ಮಾತ್ರೆನೂ ಬ್ಯಾಡ."

"ಅವ್ವ, ರಕ್ತದ ಮಾತ್ರೆ ಬಿಟ್ರೆ ಲಕ್ವ ಹೊಡೆಯುತ್ತೆ. ಡಾಕ್ಟರು ಹೇಳಲಿಲ್ವಾ?"

"ಹೊಡೀಲಿ ಬುಡು."

ನನಗೆ ಕೋಪ ನೆತ್ತಿಗೇರಿತು. ಕೂಗಾಡಿದೆ. ಅವಳು ನನ್ನ ಕೂಗಾಟವನ್ನು ಕೇಳಿಸಿಕೊಳ್ಳದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಹತ್ತಿರ ಬಂದು ಹಣೆ ಮುಟ್ಟಿದಳು, ಕುತ್ತಿಗೆ ಮುಟ್ಟಿದಳು. "ನಿಂಗೆ ಜ್ವರ ಗಿರ ಏನೂ ಇಲ್ವಲ್ಲ? ಸುಸ್ತು? ಎದೆ ನೋವು?" ನನಗೆ ಅವತ್ತು ಬರೀ ನೆಗಡಿ ಇತ್ತು. ಒಂದು ಸಲ ಸೀನಿದೆ. ಅವ್ವ ಥಟ್ಟನೆ ಕೈ ಹಿಂದಕ್ಕೆ ತೆಗೆದಳು. ಸೆರಗಿನ ತುದಿಯಿಂದ ಒಂದು ನಾಣ್ಯ ಬಿಚ್ಚಿ, ಅರಿಶಿನದ ಬಟ್ಟೆಯಲ್ಲಿ ಕಟ್ಟಿ, ಮನೆದೇವರಿಗೆ ತಪ್ಪು ಕಾಣಿಕೆ ಅಂತ ದೇವರ ಮುಂದೆ ಇಟ್ಟು ಕೈ ಮುಗಿದಳು. ಕಾಶಿಯಲ್ಲಿ ಅವಳು ಬಿಟ್ಟ ದ್ರಾಕ್ಷಿ ನನಗೆ ಆಗ ನೆನಪಾಯಿತು, ಅದಕ್ಕೆ ನನ್ನ ಹಣೆ ಯಾಕೆ ಮುಟ್ಟಬೇಕು ಅಂತ ಮಾತ್ರ ತಿಳಿಯಲಿಲ್ಲ.

ಅಣ್ಣನಿಗೆ ಫೋನು ಮಾಡಿ ನನ್ನ ಕೋಪವನ್ನೆಲ್ಲ ಅವನ ತಲೆಗೆ ಕಟ್ಟಿದೆ. ಮಾರನೆಯ ದಿನ ಬೆಳಿಗ್ಗೆಯೇ ಓಡಿ ಬಂದ. ಬಂದವನು ಅವ್ವನ ಕಾಲ ಹತ್ತಿರ ಕೂತು ವಾದಕ್ಕಿಳಿದ.

"ಅವ್ವ, ಕಾಶೀಲಿ ನೀನು ಬುಟ್ಟಿದ್ದು ಹಣ್ಣು. ಇದು ಹಣ್ಣಲ್ಲ, ಸಾರ. ಅದೂ ಫ್ಯಾಕ್ಟ್ರೀಲಿ ತೆಗ್ದಿರೋದು. ಇದಕ್ಕೂ ಅದಕ್ಕೂ ಏನು ಸಂಬಂಧ?"

"ಏನ್ಲಾ ಸಂಬಂಧ? ಕೊಬ್ರಿ ಎಣ್ಣೆ ಗಾಣದಿಂದ ಬಂದ್ರೆ ತೆಂಗಿನಕಾಯ್ದು ಅಲ್ವೇನ್ಲಾ?"

ಕೊಬ್ಬರಿ ವ್ಯಾಪಾರ ಮಾಡುವ ಮನುಷ್ಯ ಅದಕ್ಕೆ ಏನು ಹೇಳಬೇಕು? ನಾನು ಬೇರೆ ದಾರಿ ಹಿಡಿದೆ. ಗೊತ್ತಿಲ್ಲದೆ ತಿಂದದ್ದಕ್ಕೆ ದೋಷವಿಲ್ಲ, ಶಿವನಿಗೆ ಬೇರೆ ಕೆಲಸವಿಲ್ಲವಾ, ಎಂಬತ್ತು ದಾಟಿದ ಮುದುಕಿ ಏನು ನುಂಗಿದಳು ಅಂತ ಇಣುಕಿ ನೋಡುತ್ತಾ ಕೂತಿರುತ್ತಾನಾ ಅಂದೆ. ನಿನಗೇನು ಶಾಪ ತಟ್ಟುವುದಿಲ್ಲ, ಹೆದರಬೇಡ ಅಂದೆ.

"ನಂಗೆ ತಟ್ಟಿದ್ರೆ ತಟ್ಟಲಿ ಕಣೇ. ನಂದೇನೈತೆ?" ಅಂದಳು. ಆಮೇಲೆ ಕೂತಲ್ಲೇ, ನೆಲ ನೋಡುತ್ತಾ ಹೇಳಿದಳು. ಇಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು.

ನಾನು ಇನ್ನೂ ಶಾಲೆಗೆ ಸೇರುವ ಮೊದಲು ನನಗೆ ವಿಷಮಶೀತ ಜ್ವರ ಬಂದಿತ್ತು. ಬದುಕುವುದಿಲ್ಲ ಅಂತ ಎಲ್ಲರೂ ಕೈಬಿಟ್ಟಿದ್ದರಂತೆ. ನೀರು ಕೂಡ ಇಳಿಯುತ್ತಿರಲಿಲ್ಲ. ಒಂದು ದಿನ ಕಣ್ಣು ಬಿಟ್ಟು ಕೇಳಿದ್ದು ಒಂದೇ, ದ್ರಾಕ್ಷಿ. ಅಪ್ಪ ಎಲ್ಲೆಲ್ಲೋ ಅಲೆದು ಅರಸೀಕೆರೆಯಿಂದ ಒಂದು ಸಣ್ಣ ಗೊಂಚಲು ತಂದರಂತೆ. ಸಿಪ್ಪೆ ಅರಗುವುದಿಲ್ಲ ಅಂತ ಅವ್ವ ಒಂದೊಂದನ್ನೂ ಸುಲಿದು, ಬೀಜ ತೆಗೆದು, ನಾಲಿಗೆಯ ಮೇಲೆ ಇಟ್ಟಳಂತೆ. ನಾನು ನುಂಗಿದೆನಂತೆ.

"ನನ್ನ ತಂದೆ ದೂರದ ಸಂತೆಗೆ ಹೋದಾಗೆಲ್ಲ ನಂಗೆ ಅದನ್ನೇ ತರೋರು. ಅದು ಅಂದ್ರೆ ನಂಗೆ ಪ್ರಾಣ. ಆವತ್ತು ನೀನು ನುಂಗ್ದಾಗ ಅಂದ್ಕಂಡೆ, ಈ ಮಗ ಉಳುದ್ರೆ ಈ ಹಣ್ಣು ಇನ್ಮ್ಯಾಲೆ ಇವಳದ್ದು, ನಂಗೆ ಬ್ಯಾಡ ಅಂತ. ಕಾಶೀಲಿ ವಿಶ್ವನಾಥನ ಮುಂದೆ ನಿಂತ್ಕಂಡು ಅದನ್ನೇ ಹೇಳ್ದೆ. ನನ್ನ ಮಗಳ ಆಯಸ್ಸಿಗೆ ಬುಟ್ಟಿದೀನಪ್ಪಾ ಅಂತ." ಡಬ್ಬಿಯ ಕಡೆ ಕೈ ತೋರಿಸಿದಳು. "ಈಗ ನೋಡು. ನನ್ನ ಆಯಸ್ಸಿಗೆ ಅಂತ ನಾನೇ ಅದನ್ನ ದಿನಾ ನುಂಗಿದೀನಿ. ನಿನ್ನ ಆಯಸ್ಸು ತಿಂದ್ಬುಟ್ಟೆನಲ್ಲೇ."

ಅಣ್ಣ ಮುಖ ಆಚೆ ತಿರುಗಿಸಿದ. ನಾನು ಗಳಗಳನೆ ಅತ್ತೆ. ಎಷ್ಟು ವರ್ಷ ಛೇಡಿಸಿದ್ದೇವೆ ಅವಳನ್ನು, ಸುಲಭದ್ದನ್ನು ಬಿಟ್ಟಳು ಅಂತ! ಆಗ ನೆನಪಾಯಿತು. ನಮ್ಮ ಮನೆಗೆ ದ್ರಾಕ್ಷಿ ಬಂದಾಗಲೆಲ್ಲ ಅವ್ವ ನನ್ನನ್ನು ಎದುರಿಗೆ ಕೂರಿಸಿಕೊಂಡು ತಿನ್ನಿಸುತ್ತಿದ್ದಳು. ಅಣ್ಣನ ಕೈಗೆ ಕೊಟ್ಟು ಹೋಗು ಆಡಿಕೋ ಅನ್ನುತ್ತಿದ್ದಳು. ನನ್ನದು ಮುಗಿಯುವ ತನಕ ಮಾತ್ರ ಎದ್ದು ಹೋಗುತ್ತಿರಲಿಲ್ಲ.

ಅಳು ಮುಗಿದ ಮೇಲೆ ಮತ್ತೆ ಮಾತ್ರೆಯ ಮಾತು ತೆಗೆದೆ. ಎರಡು ದಿನದ್ದು ಆಗಲೇ ತಪ್ಪಿತ್ತು. ಅವ್ವ ಒಂದು ಷರತ್ತು ಹಾಕಿದಳು. ನಾನು ಡಾಕ್ಟರ ಹತ್ತಿರ ಹೋಗಿ ತಲೆಯಿಂದ ಕಾಲಿನವರೆಗೆ ಪರೀಕ್ಷೆ ಮಾಡಿಸಿಕೊಂಡು ಬರಬೇಕು, ನನಗೇನೂ ಆಗಿಲ್ಲ ಅಂತ ಡಾಕ್ಟರು ತಮ್ಮ ಬಾಯಿಂದ ಅವಳಿಗೆ ಹೇಳಬೇಕು, ಆಮೇಲೆ ಮಾತ್ರೆ. ಬೇರೆ ದಿನವಾಗಿದ್ದರೆ ಜಗಳ ತೆಗೆಯುತ್ತಿದ್ದೆ. ಆಸ್ಪತ್ರೆ ಅಂದರೆ ನನಗೂ ಅಷ್ಟಕ್ಕಷ್ಟೆ. ಆದರೆ ಅವತ್ತೇ ಶಾಲೆಗೆ ರಜೆ ಹಾಕಿ ಹೋದೆ. ರಕ್ತ ಕೊಟ್ಟೆ, ಇ.ಸಿ.ಜಿ. ತೆಗೆಸಿಕೊಂಡೆ. ಡಾಕ್ಟರಿಗೆ ವಿಷಯ ಹೇಳಿದಾಗ ಅವರು ನಗಲಿಲ್ಲ, ದೊಡ್ಡ ಮನುಷ್ಯ. ಫೋನಿನಲ್ಲಿ ಅವ್ವನ ಜೊತೆ ಮಾತಾಡಿದರು. "ಅಜ್ಜಿ, ನಿಮ್ಮ ಮಗಳು ಕಲ್ಲುಗುಂಡು ಇದ್ದಂಗೆ ಇದ್ದಾರೆ. ಸ್ವಲ್ಪ ಕೋಪ ಜಾಸ್ತಿ, ಅದಕ್ಕೆ ನನ್ನ ಹತ್ರ ಔಷಧಿ ಇಲ್ಲ."

"ಅದು ಹುಟ್ಟಿದಾಗ್ಲಿಂದ ಐತೆ ಕಣಪ್ಪ" ಅಂದಳಂತೆ ಅವ್ವ. ನಾನು ಮನೆ ತಲುಪುವ ಹೊತ್ತಿಗೆ ರಕ್ತದ ಮಾತ್ರೆ ನುಂಗಿ, ಬಾಗಿಲಲ್ಲಿ ಕೂತಿದ್ದಳು.

ಕೈಯ ನೀಲಿ ಹಳದಿಯಾಗಿ, ಮಾಸಿ, ಹೋಯಿತು. ಅವ್ವ ತೋಟದ ಮನೆಗೆ ವಾಪಸ್ಸಾದಳು. ಅಣ್ಣ ಉಳಿದ ಗುಳಿಗೆಗಳನ್ನು ತಿಪ್ಪೆಗೆ ಸುರಿದ. ಸ್ವಲ್ಪ ದಿನ ಮೊಬೈಲನ್ನೂ ಕಡಿಮೆ ಮುಟ್ಟಿದ, ಆಮೇಲೆ ಅರಿಶಿನದ ಹಾಲು ಶುರುವಾಯಿತು. ಇದನ್ನೂ ನಾನೇ ಮೊದಲು ಡಾಕ್ಟರಿಗೆ ತೋರಿಸುತ್ತೇನೆ ಅಂತ ಹೇಳಿಟ್ಟಿದ್ದೇನೆ. ಅವ್ವ ಮಾತ್ರ ಪೂರಾ ಮೊದಲಿನಂತಾದಳು ಅಂತ ಹೇಳಲಾರೆ. ದಿನಾ ಬೆಳಿಗ್ಗೆ ಫೋನು ಮಾಡಿ "ಎದ್ಯಾ? ಚೆನ್ನಾಗಿದೀಯಾ?" ಅಂತ ಕೇಳಿ, ನಾನು ಹ್ಞೂಂ ಅಂದ ಕೂಡಲೇ ಇಟ್ಟುಬಿಡುತ್ತಿದ್ದಳು.

ಶಿವರಾತ್ರಿ ಹತ್ತಿರ ಬಂತು. ತಿಪಟೂರು, ತುರುವೇಕೆರೆ ಎಲ್ಲ ಕಡೆ ಬಸ್ ಸ್ಟ್ಯಾಂಡಿನ ತಳ್ಳುಗಾಡಿಗಳಲ್ಲಿ ದ್ರಾಕ್ಷಿ ರಾಶಿ. ನಾನು ಆ ಕಡೆ ನೋಡದೆ ನಡೆಯುತ್ತಿದ್ದೆ. ಮನೆಗೆ ತರಲು ಮನಸ್ಸಾಗಲಿಲ್ಲ. ಒಂದು ಶನಿವಾರ ಅಣ್ಣ ಫೋನು ಮಾಡಿದ. ದನಿಯಲ್ಲಿ ಸಂಭ್ರಮ.

"ಲೇ, ಅವ್ವ ಕಪ್ಪು ದ್ರಾಕ್ಷಿ ತಗಂಬಾ ಅಂದ್ಲು ಕಣೇ! ಮನಸ್ಸು ಬದ್ಲಾಗಿರ್ಬೇಕು. ನಾಳೆ ಬಾ."

ಭಾನುವಾರ ಹೋದೆ. ಅವ್ವ ಅಟ್ಟದ ಕೆಳಗೆ ಮಾಮೂಲಿ ಜಾಗದಲ್ಲೇ ಇದ್ದಳು. ಪಕ್ಕದಲ್ಲಿ ಉಪ್ಪುನೀರಿನಲ್ಲಿ ತೊಳೆದ ದ್ರಾಕ್ಷಿಯ ತಟ್ಟೆ. ಕೈಯಲ್ಲಿದ್ದ ಕಾಯಿಯನ್ನು ಕಿವಿಗೆ ಹಿಡಿದು ಒಮ್ಮೆ ಅಲ್ಲಾಡಿಸಿ, ರಾಶಿಗೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ತಟ್ಟೆಯನ್ನು ನನ್ನ ಮುಂದೆ ತಳ್ಳಿದಳು.

"ತಿನ್ನು."

"ನೀನು?"

"ನಂಗ್ಯಾಕೆ? ಇದು ನಿಂದು. ಕೂತ್ಕಂಡು ತಿನ್ನು."

ಅಣ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದವನು ಒಳಗೆ ಹೋದ. ನಾನು ಮಣೆ ಎಳೆದುಕೊಂಡು ಕೂತೆ. ಒಂದು ಹಣ್ಣು ಬಾಯಿಗೆ ಹಾಕಿಕೊಂಡು, ತಿರುಳು ನುಂಗಿ, ಯಾವಾಗಿನ ಅಭ್ಯಾಸದಂತೆ ಸಿಪ್ಪೆಯನ್ನು ಅಂಗೈಗೆ ಉಗಿದೆ. ಮಗುವಾಗಿದ್ದಾಗ ಅವಳು ಸುಲಿದು ಕೊಟ್ಟು ಕೊಟ್ಟು ಆದ ಅಭ್ಯಾಸ, ಇವತ್ತಿಗೂ ಹೋಗಿಲ್ಲ. ಅವ್ವ ನನ್ನ ಕೈ ಹಿಡಿದುಕೊಂಡಳು.

"ಸಿಪ್ಪೆ ಉಗೀಬ್ಯಾಡ ಕಣೇ. ಆಯಸ್ಸು ಅದ್ರಲ್ಲೇ ಇರೋದಂತಲ್ಲ."

ಜೀವಶಾಸ್ತ್ರದ ಮೇಡಂ ನಾನು, ಅಂಗೈಯಲ್ಲಿದ್ದ ಸಿಪ್ಪೆಯನ್ನು ಮತ್ತೆ ಬಾಯಿಗೆ ಹಾಕಿಕೊಂಡು ಅಗಿದೆ. ಒಗರು, ಹುಳಿ. ಆಮೇಲಿನದ್ದೆಲ್ಲವನ್ನೂ ಸಿಪ್ಪೆಯ ಸಮೇತ, ಒಂದೂ ಬಿಡದೆ ತಿಂದೆ. ತಟ್ಟೆ ಖಾಲಿಯಾಗುವ ತನಕ ಅವ್ವ ಕಾಯಿ ಮುಟ್ಟದೆ ನನ್ನ ಎದುರಿಗೇ ಕೂತಿದ್ದಳು.